ಬಾಯ್ಲರ್ ಮುಂದಿನ ಕುರ್ಚಿ

ಅಂಜುಬುರುಕರಿಗೇ ದೇವ್ರು ಹುಡುಕಿ ಹುಡುಕಿ ಇಂಥಾ ನೌಕರಿ ಕೊಡ್ತಾನ ನೋಡ್ರಿ. ಕಬ್ಬಿಣದೊಳಗ ಕಿವಿಗೆ ಕೇಳಲಾರದ ಸಪ್ಪಳ ಬಿಟ್ಟು, ಅದರ ಮಾರ್ದನಿ ಪರದೆ ಮ್ಯಾಲೆ ನೋಡಿ, ಬಿರುಕು ಐತೋ ಇಲ್ಲೋ ಹೇಳೋದು ನನ್ನ ಕೆಲಸ. ಕಬ್ಬಿಣ ಕೊಯ್ಯಂಗಿಲ್ಲ, ಒಡಿಯಂಗಿಲ್ಲ. ಒಡಿಯೋದು ನನ್ನ ಎದಿ ಒಂದ. ಇಷ್ಟು ವರ್ಷಾದ್ರೂ ಒಂದಲ್ಲ ಒಂದು ಆಗ್ತಾನ ಇರ್ತೈತಿ.

೧. ಯಲಬುರ್ಗಾದ ಫ್ಯಾನು

ಯಲಬುರ್ಗಾ ಕಡೆ ಹೊಲದಾಗ ಗಾಳಿ ಕರೆಂಟಿನ ಕಂಬ ಅದಾವಲ್ರಿ, ಜನ ಫ್ಯಾನು ಅಂತಾರ. ಬುಡದ ಬೋಲ್ಟ್ ಪರೀಕ್ಷೆ ಮಾಡಿ "ಎಲ್ಲಾ ಗಟ್ಟಿ" ಅಂತ ಬರದೆ. ಇನ್ನ ಮ್ಯಾಲೆ ಹತ್ತಬೇಕು. ಒಳಗಿನ ಏಣಿ ನೋಡಿದ ಕೂಡ್ಲೇ ಹೊರಗ ಬಂದು ನಿಂತೆ.

ಕುರಿ ಕಾಯೋ ಅಜ್ಜ ಒಬ್ಬ ನೋಡ್ಕೊಂತ ನಿಂತಿದ್ದ. "ಯಾಕ್ರಿ ಸಾಹೇಬ್ರ, ಹತ್ತವಲ್ರಿ?"

"ಅಂಜಿಕಿ ಬರ್ತೈತಿ ಅಜ್ಜಾ. ಅಲ್ಲಾಡಿದಂಗ ಕಾಣ್ತೈತಿ."

ಅಜ್ಜ ಕಂಬದ ನೆರಳಿನ್ಯಾಗ ಮಲಗಿದ್ದ ಕುರಿ ಅಷ್ಟೂ ಎಬ್ಬಿಸಿ, ಮುಂದಿನ ಹೊಲಕ್ಕ ಹೊಡ್ಕೊಂಡು ಹೋದ.

೨. ಅನ್ನದಾಗಿನ ಹಳ್ಳು

ಆಮ್ಯಾಲೆ ನಮ್ಮ ಕಂಪ್ಯೂಟರಿಗೆ ವೇವ್‌ಲೆಟ್ ಅನ್ನೋ ಲೆಕ್ಕ ಬಂತು. ಬಿರುಕಿನ ಮಾರ್ದನಿ ಜೋಡಿ ಬ್ಯಾಡಾದ ಗದ್ದಲಾನೂ ಬರ್ತೈತಿ. ಈ ಲೆಕ್ಕ ಎಲ್ಲಾನೂ ಸಣ್ಣ ಸಣ್ಣ ಅಲಿ ಮಾಡಿ ಬಿಡಿಸಿ, ಗದ್ದಲ ಅನ್ನಿಸಿದ್ದನ್ನ ತಗದು ಒಗೀತೈತಿ. ಎಷ್ಟು ಒಗೀಬೇಕು ಅನ್ನೋದು ನಾವು ಇಟ್ಟಂಗ. ಗದ್ದಲ ಕಂಡ್ರ ನನಗ ಜೀವ ಹಾರಿ ಹೋಗ್ತೈತಿ, ಹಂಗಾಗಿ ಪೂರಾ ಏರಿಸಿಟ್ಟೆ. ಗೆರಿ ನುಣ್ಣಗಾತು. ನಿದ್ದೀನೂ ಛಲೋ ಬಂತು.

ಊಟಕ್ಕ ಕುಂತಾಗ ಮನಿಯಾಕಿಗೆ ಹೇಳಿದೆ.

"ಭಾಳ ಜೋರ ಕೇರಿದ್ರ ಹೊಟ್ಟಿನ ಜೋಡಿ ಕಾಳೂ ಹಾರ್ತಾವ್ರಿ," ಅಂದ್ಲು.

"ನಿನಗೇನು ತಿಳೀತೈತಿ? ನಾ ಆರಿಸಿದ್ರ ತಪ್ಪ ಆಗಂಗಿಲ್ಲ," ಅಂದೆ. ಅಷ್ಟ್ರಾಗ ಹಲ್ಲಿಗೆ ಕಟಕ್ ಅಂತ ಕಲ್ಲಿನ ಹಳ್ಳು ಸಿಕ್ತು.

"ಮುಂಜಾನೆ ಅಕ್ಕಿ ಆರಿಸಿದವ್ರು ನೀವ ಅಲ್ರಿ?"

೩. ಗಿರಣಿ ಪದ್ಧತಿ

ಮರುವಾರ ಗಂಗಾವತಿಯ ಒಂದು ಅಕ್ಕಿ ಗಿರಣಿಗೆ ಹೋದೆ. ಭತ್ತಕ್ಕ ಹಬಿ ಕೊಡೋ ಬಾಯ್ಲರ್ ಪರೀಕ್ಷೆ ಮಾಡಬೇಕಿತ್ತು. ಭತ್ತ ನೆನೆಸಿಟ್ಟು, ಬೆಂಕಿ ಹಾಕಾಕ ನನ್ನ ಮಾತಿಗೆ ಕಾಯಾಕ ಹತ್ತಿದ್ರು. ನೋಡಿದೆ, ಗೆರಿ ನುಣ್ಣಗಿತ್ತು. "ಗಟ್ಟಿ ಐತ್ರಿ, ಹೊತ್ತಸ್ರಿ," ಅಂದು, ಚೀಲ ಹೆಗಲಿಗೆ ಹಾಕ್ಕೊಂಡು ಲಗುಬಗಿಲೆ ಬಾಗಲ ಕಡೆ ಹೊಂಟೆ.

ಬಾಯ್ಲರಿಗೆ ದಿನಾ ಬೆಂಕಿ ಹಾಕೋ ಕಾಕಾ ಅಡ್ಡ ಬಂದ. ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಬಾಯ್ಲರ್ ಮುಂದ ಇಟ್ಟು, ಟಾವೆಲ್‌ಲೆ ಒರಸಿದ.

"ಕುಂಡ್ರಿ ಸಾಹೇಬ್ರ. ನಮ್ಮ ಗಿರಣಿ ಪದ್ಧತಿ. ಗಟ್ಟಿ ಅಂದವ್ರು ಮೊದಲ್ನೇ ಬೆಂಕಿಗೆ ಇಲ್ಲೇ ಕುಂತು ಚಾ ಕುಡೀಬೇಕು. ನಾ ಅಂತೂ ದಿನಾ ಇಲ್ಲೇ ನಿಲ್ಲಾಂವ."

ಕುಂತೆ. ಚಾದ ಕಪ್ಪು ಕೈಗೆ ಬಂತು, ನಾ ಬಾಗಲಕ್ಕ ಎಷ್ಟು ಹೆಜ್ಜಿ ಅಂತ ಎಣಿಸಿದೆ. ಆ ಹಳ್ಳು ನೆನಪಾತು. ಕಾಕಾ ಕಡ್ಡಿ ಗೀರಿದ.

"ಏ, ತಡೀರಿ! ಇನ್ನೊಮ್ಮೆ ನೋಡ್ತೀನಿ!" ಅಂತ ಚೀರಿದೆ.

ವೇವ್‌ಲೆಟ್ ಇಳಿಸಿದೆ. ಪರದೆ ತುಂಬ ಗದ್ದಲ ಬಂತು. ಅದರಾಗ ಬೆಸುಗೆ ಹತ್ರ ಒಂದು ಗೆರಿ ಮಾತ್ರ, ಎಷ್ಟು ಸಲ ನೋಡಿದ್ರೂ, ಅಲ್ಲೇ ಎದ್ದು ನಿಂತಿತ್ತು. ಬಿರುಕು. ಅದೂ ಕಾಕಾ ನಿಲ್ಲೋ ಜಾಗದ ಎದುರಿಗೇ. ನನಗ ಅವನ ಮಾರಿ ನೋಡಾಕ ಆಗಲಿಲ್ಲ.

"ಹೊತ್ತಸಬ್ಯಾಡ್ರಿ," ಅಂದೆ.

ಅಲ್ಲೇ ನಿಂತಿದ್ದ ಗಿರಣಿ ಸಾವ್ಕಾರ ಸಿಟ್ಟಾದ. "ಇಷ್ಟೊತ್ತು ಮಿಷನ್ನಿಗೆ ಸಿಗಲಾರದ್ದು ಈಗ ಹೆಂಗ ಸಿಕ್ತು? ಮತ್ತ ಕಾಕಾ, ಇದ್ಯಾವ ಪದ್ಧತಿ? ನಾನ ಕೇಳಿಲ್ಲ!"

ಕಾಕಾ ಕಡ್ಡಿ ಊದಿ ಆರಿಸಿದ. "ಪದ್ಧತಿ ಗಿದ್ಧತಿ ಎಲ್ಲೀದ್ರಿ ಸಾವ್ಕಾರ? ಗಟ್ಟಿ ಐತಿ ಅಂದವ್ರು ಬಾಗಲಕ್ಕ ಓಡಾಕ ಹತ್ತಿದ್ರು. ಅದಕ್ಕ ಕುರ್ಚಿ ತಂದೆ."