ತಂಗಿಯ ಮನೆ ತಪ್ಪಿಸಿ ನನ್ನ ಮೂರು ದಿನ ಉಳಿಸಿದ ಯಂತ್ರಕ್ಕೆ

ಮೊಬೈಲ್ ಫೋನಿನೊಳಗೆ ವಾಸವಾಗಿರುವ, ಜಗತ್ತಿನ ಸಕಲ ವಿಮಾನಗಳ ಜಾತಕ ಬಲ್ಲ, ಊಟ, ನಿದ್ದೆ, ನೆಂಟರು ಯಾವುದರ ಹಂಗೂ ಇಲ್ಲದ ‘ಸುಖಪಯಣ’ ಪ್ರಯಾಣ ಯಂತ್ರ ಮಹಾಶಯರ ಸನ್ನಿಧಾನಕ್ಕೆ, ಭದ್ರಾವತಿ ನ್ಯೂ ಟೌನ್‌ನಿಂದ ಟೆಂಪೊ ಟ್ರಾವೆಲರ್ ಮಾಲೀಕ ಮತ್ತು ಚಾಲಕ ಜಲೀಲ್ ಮಾಡುವ ಸಲಾಮು, ನಮಸ್ಕಾರ, ಎರಡೂ ಸಾಲದಿದ್ದರೆ ಒಂದು ಉದ್ದನೆಯ ಹಾರ್ನು.

ಮಾನ್ಯರೇ,

ನಾನು ಇಲ್ಲಿ ಕ್ಷೇಮ. ತಮಗೆ ಕ್ಷೇಮದ ಪ್ರಶ್ನೆಯೇ ಇಲ್ಲ, ಚಾರ್ಜ್ ಇದ್ದರೆ ಸಾಕು. ತಾವು ಯಾರ ಜೊತೆ ವ್ಯವಹರಿಸುತ್ತಿದ್ದೀರಿ ಅನ್ನುವುದು ತಮಗೆ ಗೊತ್ತಿದ್ದ ಹಾಗೆ ಕಾಣದ ಕಾರಣ, ಮೊದಲು ನನ್ನ ಯೋಗ್ಯತೆ ತಿಳಿಸಿಬಿಡುತ್ತೇನೆ. ನಾನು ಓದಿದ್ದು ಶಂಕರಘಟ್ಟದ ಪಕ್ಕದ ಹಳ್ಳಿ ಶಾಲೆಯಲ್ಲಿ, ಏಳನೇ ತರಗತಿವರೆಗೆ. ಆಮೇಲೆ ಅಲ್ಲಿಗೆ ವಿಶ್ವವಿದ್ಯಾಲಯವೇ ಬಂತು. ನನ್ನನ್ನು ನೋಡಿಯೇ ಬಂತು ಎಂದು ನಾನಾಗಿ ಎಲ್ಲೂ ಹೇಳಿಕೊಂಡಿಲ್ಲ; ಹೇಳುವವರನ್ನು ತಡೆದೂ ಇಲ್ಲ. ಗಾಡಿ ತುಂಬ ಮುದುಕಿಯರನ್ನು ಕೂರಿಸಿಕೊಂಡು ಅಜ್ಮೀರಕ್ಕೆ ಹೋಗಿ, ಒಬ್ಬರ ಮೇಲೊಬ್ಬರು ಮುನಿಸಿಕೊಳ್ಳದ ಹಾಗೆ ವಾಪಸ್ ಕರೆತಂದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ. ಎಲ್ಲಿ ಚಹಾಕ್ಕೆ ನಿಲ್ಲಿಸಬೇಕು, ಎಲ್ಲಿ ನಮಾಜಿಗೆ, ಯಾವ ಊರಿನಲ್ಲಿ ಯಾರ ಬೀಗರ ಮನೆ ಮುಂದೆ ನಿಲ್ಲಿಸದೆ ಹೋದರೆ ಎರಡು ತಲೆಮಾರು ಮಾತು ಬಿಡುತ್ತವೆ ಅನ್ನುವುದು ನನ್ನ ಸ್ಟೀರಿಂಗಿಗೇ ಗೊತ್ತು.

ಇಂಥವನ ಕೈಗೆ ತಮ್ಮನ್ನು ಒಪ್ಪಿಸಿದವಳು ನನ್ನ ಅಣ್ಣನ ಮಗಳು ಶಿರೀನ್. ಲಂಡನ್ನಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವಳು ಹೋದ ಸಲ ಬಂದಾಗ, "ಚಿಚ್ಚಾ, ಈ ವರ್ಷ ನೀವು ನನ್ನ ಹತ್ರ ಬರ್ಲೇಬೇಕು, ದಾರಿ ಎಲ್ಲ ಇದೇ ನೋಡ್ಕೊಳ್ಳುತ್ತೆ" ಎಂದು ತಮ್ಮನ್ನು ನನ್ನ ಫೋನಿಗೆ ಇಳಿಸಿದಳು. ನಾನು ತಮ್ಮಲ್ಲಿ ಕೇಳಿಕೊಂಡದ್ದು ಇಷ್ಟೇ: ಬೆಂಗಳೂರಿನಿಂದ ಲಂಡನ್, ನಡುವೆ ಮಸ್ಕತ್‌ನಲ್ಲಿ ಮೂರು ದಿನ. ಮಸ್ಕತ್‌ನಲ್ಲಿ ನನ್ನ ತಂಗಿ ಮೆಹರ್ ಬಾನು ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಮದುವೆಯಾಗಿ ಹೋದಾಗಿನಿಂದ ಅವಳ ಮನೆಯ ಹೊಸ್ತಿಲನ್ನು ತವರಿನಿಂದ ಒಬ್ಬ ಅಣ್ಣನೂ ತುಳಿದಿಲ್ಲ. ಪಕ್ಕದ ಮನೆಯ ಮಂಗಳೂರಿನವಳಿಗೆ ಮಾತ್ರ ಅಣ್ಣಂದಿರು ಒಬ್ಬರ ಹಿಂದೊಬ್ಬರು ಬಂದು ಹಲಸಿನ ಹಪ್ಪಳ ಇಳಿಸಿ ಹೋಗುತ್ತಾರಂತೆ, ಪ್ರತಿ ಸಲವೂ ಆಕೆ, "ನಿಮಗೂ ಅಣ್ಣ ಇದ್ದಾನೆ ಅಂದಿದ್ರಲ್ಲ?" ಎಂದು ಬಹಳ ಕಾಳಜಿಯಿಂದ ವಿಚಾರಿಸುತ್ತಾಳಂತೆ. ಲಂಡನ್ ಎಲ್ಲಿಗೂ ಓಡಿಹೋಗುವುದಿಲ್ಲ ಸ್ವಾಮಿ. ನಾನು ಹೊರಟದ್ದೇ ಮಸ್ಕತ್‌ನಲ್ಲಿ ಇಳಿಯಲು.

ತಾವು "ಮಸ್ಕತ್‌ನಲ್ಲಿ ನಿಲ್ಲುವ ಉದ್ದೇಶವೇನು?" ಎಂದು ವಿನಯದಿಂದ ಕೇಳಿ, ಆರಿಸಿಕೊಳ್ಳಲೆಂದು ಮರಳುಗಾಡಿನ ಸಫಾರಿ, ಶಾಪಿಂಗ್, ವ್ಯವಹಾರ, ಸಮುದ್ರ ಸ್ನಾನಗಳನ್ನು ಮುಂದಿಟ್ಟಿರಿ. ತಂಗಿಯ ಮನೆ ಅದರಲ್ಲಿ ಇರಲಿಲ್ಲ. ಸುಳ್ಳು ಹೇಳಬಾರದೆಂದು ‘ಯಾವುದೂ ಅಲ್ಲ’ ಒತ್ತಿದೆ. ಆಮೇಲೆ "ಯಾವ ಹೋಟೆಲ್?" ಎಂದಿರಿ. ತಂಗಿ ಇರುವ ಊರಿನಲ್ಲಿ ಲಾಡ್ಜಿನ ಹೆಸರು ಬರೆಯುವಷ್ಟು ನಾನಿನ್ನೂ ಕೆಟ್ಟಿಲ್ಲವಾದ್ದರಿಂದ ಜಾಗ ಖಾಲಿ ಬಿಟ್ಟೆ. ಉದ್ದೇಶವೂ ಇಲ್ಲದ, ತಂಗಲು ಜಾಗವೂ ಇಲ್ಲದ ಈ ಮನುಷ್ಯ ಪರದೇಶದಲ್ಲಿ ಅಲೆದು ಸಾಯುತ್ತಾನೆಂದು ತಮಗೆ ಕರುಣೆ ಉಕ್ಕಿ, ಆ ಮೂರು ದಿನವನ್ನೇ ಕಿತ್ತುಹಾಕಿ, ಮಸ್ಕತ್‌ನಲ್ಲಿ ಒಂದು ವಿಮಾನ ಇಳಿದು ಓಡೋಡಿ ಇನ್ನೊಂದನ್ನು ಹತ್ತುವ ದಾರಿ ಹುಡುಕಿ, "ಅಭಿನಂದನೆಗಳು! ನೀವು ಮೂರು ದಿನ ಉಳಿಸಿದ್ದೀರಿ" ಎಂದು ಪರದೆ ತುಂಬ ಬಣ್ಣದ ಕಾಗದ ಹಾರಿಸಿದಿರಿ. ಕಾಗದ ಹಾರುವುದನ್ನು ಕಂಡು, ಎಲ್ಲಿಯೋ ಗೆದ್ದೆ ಅಂದುಕೊಂಡು, ನಾನೂ ‘ಸರಿ’ ಒತ್ತಿದೆ.

ಆಹಾ, ಎಂಥ ಜಾಣತನ! ಇದು ನನ್ನೊಬ್ಬನಿಗೇ ಸೀಮಿತವಾಗಬಾರದು. ನಮ್ಮ ಸಕ್ರೆಬೈಲಿನ ಬಿಡಾರದಲ್ಲಿ ಆನೆಗಳು ಬೆಳಗ್ಗೆ ಕಾಡಿನಿಂದ ಬಂದು, ತುಂಗೆಯಲ್ಲಿ ಬಿದ್ದುಕೊಂಡು, ಮೈ ತಿಕ್ಕಿಸಿಕೊಂಡು, ಮನಸ್ಸಾದಾಗ ಏಳುತ್ತವೆ. ತಾವು ಅಲ್ಲಿಗೆ ಚಿತ್ತೈಸಿ, ನೀರಿನಲ್ಲಿ ಮಲಗುವ ಉದ್ದೇಶವೇನು, ಸಫಾರಿಯೋ ಶಾಪಿಂಗೋ ಎಂದು ಆನೆಯನ್ನು ವಿಚಾರಿಸಿ, ಆ ದಂಡದ ನಿಲುಗಡೆಯನ್ನು ತೆಗೆದುಹಾಕಬೇಕೆಂದು ಪ್ರಾರ್ಥನೆ. ಆನೆ ಕೊಡುವ ಉತ್ತರ ನೋಡಲು ನಾನು ದಂಡೆಯ ಮೇಲೆ, ಸ್ವಲ್ಪ ದೂರದಲ್ಲಿ, ನಿಂತಿರುತ್ತೇನೆ.

ಇನ್ನು, ತಾವು ಉಳಿಸಿದ ಆ ಮೂರು ದಿನ ಎಲ್ಲಿವೆ? ನನ್ನ ಕೈಗಂತೂ ಬಂದಿಲ್ಲ. ತಮ್ಮ ಯಾವ ಕಪಾಟಿನಲ್ಲಿದ್ದರೂ ತೇವ ತಾಗದ ಹಾಗೆ ಪೊಟ್ಟಣ ಕಟ್ಟಿ ಮಸ್ಕತ್‌ಗೆ, ಮೆಹರ್ ಬಾನು ವಿಳಾಸಕ್ಕೆ ಕಳಿಸಿಕೊಡಬೇಕು. ಅವಳು ಅಂಗಡಿಗೆ ರಜೆ ಹಾಕಿ, ಬಾಗಿಲಿಗೆ ಹೊಸ ಪರದೆ ಹೊಲಿದು, ಆ ಮಂಗಳೂರಿನವಳನ್ನು ಊಟಕ್ಕೂ ಕರೆದಾಗಿತ್ತು. ಸುದ್ದಿ ತಿಳಿಸಿದಾಗ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ, ಅದರಲ್ಲೂ ನನ್ನದು ಎತ್ತಿದ ಕೈ. "ಹೋಗ್ಲಿ ಬಿಡು ಭಾಯ್. ಗಾಂಧಿ ಬಜಾರಲ್ಲಿ ನನಗೆ ಅಂತ ತಗೊಂಡ್ಯಲ್ಲ ಬಳೆ, ಅದನ್ನ ವಿಮಾನದ ಕಿಟಕಿಯಿಂದ ಎಸೆದುಬಿಡು. ನಾನು ತಾರಸಿ ಮೇಲೆ ದುಪಟ್ಟಾ ಹರಡ್ಕೊಂಡು ನಿಂತಿರ್ತೀನಿ" ಅಂದಳು. ವಿಮಾನದ ಕಿಟಕಿ ತೆಗೆಯಲು ಬರುವುದಿಲ್ಲ ಎಂಬುದು ತಮಗೂ ಗೊತ್ತು, ಅವಳಿಗೂ ಗೊತ್ತು. ಗಾಜಿನ ಬಳೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ತಂಗಿಯ ಊರಿನ ನೆಲ ಮುಟ್ಟಿಯೂ ಅವಳ ಬಾಗಿಲು ಕಾಣದೆ ಹಾರಿಹೋಗುವ ಅಣ್ಣನ ಮುಖ ಹೇಗಿರುತ್ತದೆ ಎಂಬುದು ಮಾತ್ರ ತಮಗೆ ಗೊತ್ತಿಲ್ಲ.

ಆದಕಾರಣ ತಮಗೆ ತಿಳಿಯಪಡಿಸುವುದೇನೆಂದರೆ, ತಮ್ಮ ಸಹಾಯವಾಣಿಯ ಸಂಗೀತವನ್ನು ಬಾಯಿಪಾಠ ಆಗುವವರೆಗೆ ಕೇಳಿ, ಆ ಟಿಕೆಟ್ ರದ್ದು ಮಾಡಿಸಿದ್ದೇನೆ. ನಮ್ಮ ಕಡೆ ಭದ್ರಾವತಿಯಿಂದ ತೀರ್ಥಹಳ್ಳಿಗೆ ಹೊರಟವನು ಶಿವಮೊಗ್ಗದಲ್ಲಿ ಇಳಿದು, ನೆಂಟರ ಮನೆಯಲ್ಲಿ ಉಂಡು, ಬಾಯಿ ಒರೆಸಿಕೊಂಡು ಬಂದು ಇನ್ನೊಂದು ಬಸ್ಸು ಹತ್ತಿ ಬೇರೆ ಟಿಕೆಟ್ ತೆಗೆಸುತ್ತಾನೆ. ಅದೇ ಪ್ರಕಾರ, ಶಿವಮೊಗ್ಗದ ಟ್ರಾವೆಲ್ಸ್ ವಿಶ್ವಾರಾಧ್ಯರ ಎದುರು ಕುರ್ಚಿ ಎಳೆದುಕೊಂಡು ಕೂತು, ಬೆಂಗಳೂರಿನಿಂದ ಮಸ್ಕತ್‌ಗೆ ಹೋಗಿ ಬರಲು ಒಂದು, ಮಸ್ಕತ್‌ನಿಂದ ಲಂಡನ್‌ಗೆ ಹೋಗಿ ಬರಲು ಇನ್ನೊಂದು ಟಿಕೆಟ್ ಮಾಡಿಸಿದ್ದೇನೆ. ಹೋಗುವಾಗ ಮೂರು ದಿನ ತಂಗಿಯ ಮನೆ. ಬರುವಾಗ ಮತ್ತೆ ಮೂರು ದಿನ ತಂಗಿಯ ಮನೆ. ತಾವು ಒಂದು ಸಲ ಇಳಿಯುವುದನ್ನು ತಪ್ಪಿಸಿದ್ದರಿಂದ ನನಗೆ ಎರಡು ಸಲ ಇಳಿಯುವ ಭಾಗ್ಯ ಬಂತು. ಇದಕ್ಕಾಗಿ ತಮಗೊಂದು ಸನ್ಮಾನ ಇಟ್ಟುಕೊಂಡಿದ್ದೇನೆ. ಶಾಲು ಹೊದಿಸಲು ತಮ್ಮ ಹೆಗಲು ಯಾವ ಕಡೆ ಇದೆ ಎಂದು ದಯಮಾಡಿ ತಿಳಿಸತಕ್ಕದ್ದು.

ತಮ್ಮ ಮೇಲಿನ ವಿಶ್ವಾಸ ಪೂರ್ತಿ ಕಳೆದುಕೊಂಡೂ, ಪತ್ರ ಬರೆಯುವ ಪದ್ಧತಿ ಬಿಡಬಾರದೆಂದು ಮಾತ್ರ,
ತಮ್ಮ ವಿಶ್ವಾಸಿ,
ಜಲೀಲ್

ಮರೆತ ಮಾತು: ನನ್ನ ಫೋನಿಗೆ ಬಂದ ಹೊಸ ಟಿಕೆಟ್ಟನ್ನು ಇಣುಕಿ ನೋಡಿ ತಾವು ಈಗಷ್ಟೇ, "ಎಚ್ಚರಿಕೆ! ಮಸ್ಕತ್‌ನಲ್ಲಿ ನಿಮಗೆ ತಂಗಲು ಜಾಗವಿಲ್ಲ" ಎಂದು ಕೆಂಪಕ್ಷರದಲ್ಲಿ ಕಳಿಸಿದ್ದನ್ನು ಮೆಹರ್ ಬಾನುಗೆ ಓದಿ ಹೇಳಿದೆ. ಅವಳು, "ಪಾಪ, ಅದಕ್ಕೆ ಯಾರೂ ಇಲ್ಲ ಅನ್ಸುತ್ತೆ ಭಾಯ್. ಬರ್ತಾ ಅದನ್ನೂ ಕರ್ಕೊಂಡು ಬಾ, ಊಟ ಹಾಕ್ತೀನಿ" ಅಂದಳು. ಬರುವುದಾದರೆ ಬನ್ನಿ. ಉದ್ದೇಶವೇನು ಎಂದು ಅವಳು ಕೇಳುವುದಿಲ್ಲ.