ಸೋಸಿದ ನೀರಿನ ಮುಚ್ಚಳ

ಜಿನ್ನಪ್ಪನ ತಾಪತ್ರಯಕ್ಕೆಲ್ಲ ಕಾರಣವಾದದ್ದು ತೇರದಾಳದ ಹೀರಾ ಮಾವಶಿಯ ಮನೆಯ ನೀರಿನ ಕೊಡದ ಮುಚ್ಚಳ.

ಭಾನುವಾರ ಬೆಳಿಗ್ಗೆ ಬನಹಟ್ಟಿಯ ತನ್ನ ಮನೆಯ ಕಟ್ಟೆಯ ಮೇಲೆ ಅವನು ಚಹಾ ಕುಡಿಯುತ್ತ ಕುಳಿತಿದ್ದಾಗ ಬಂಧುಗಳ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಬಂತು. ಅವನ ತಾಯಿಯ ತಂಗಿಯಾದ ಈ ಮಾವಶಿಗೆ ಎಂಬತ್ತು ತುಂಬಿತೆಂದು ಯಾರೋ ಶಾಲು ಹೊದಿಸಿದ್ದರು. ಉಳಿದವರೆಲ್ಲ ಶಾಲು ನೋಡಿ ಕೈ ಮುಗಿದ ಚಿತ್ರ ಕಳಿಸುತ್ತಿದ್ದರೆ, ಜಿನ್ನಪ್ಪ ಮಾತ್ರ ಮಾವಶಿಯ ಬೆನ್ನ ಹಿಂದಿದ್ದ ಕೊಡವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದ. ಕೊಡದ ಮೇಲೊಂದು ಕರಿಯ ಮುಚ್ಚಳ. ಮುಚ್ಚಳದ ನಡುವೆ ನೀಲಿ ಚೀಟಿ. ಚೀಟಿಯ ಮೇಲೆ ಬೆಳ್ಳಿ ಬಣ್ಣದ ಕಹಳೆ.

ಚಹಾ ಬನಿಯನ್ನಿನ ಮೇಲೆ ಚೆಲ್ಲಿತು.

ಆ ಕಹಳೆಯನ್ನು ಜಿನ್ನಪ್ಪ ನಿದ್ದೆಯಲ್ಲೂ ಗುರುತಿಸಬಲ್ಲ. ಅದು ಆಲ್ಫ್ರೆಡ್ ಪಿಂಟೊನ ಬ್ಯಾಂಡಿನ ಗುರುತು. ಬ್ರಿಟಿಷರ ಕಾಲದ ಮುಂಬಯಿಯಲ್ಲಿ ಈ ಪಿಂಟೊ ಎಂಬ ಗೋವೆಯವನು ಹದಿನೆಂಟು ಮಂದಿಯನ್ನು ಕಟ್ಟಿಕೊಂಡು ದೊಡ್ಡ ಹೋಟೆಲುಗಳಲ್ಲಿ ಜಾಝ್ ನುಡಿಸುತ್ತಿದ್ದ. ಸೀರೆ ಮಾರಲು ಮುಂಬಯಿಗೆ ಹೋಗುತ್ತಿದ್ದ ಜಿನ್ನಪ್ಪನ ಅಜ್ಜ ಪ್ರತಿ ಸಲ ಅವನ ಒಂದೊಂದು ಗ್ರಾಮಫೋನ್ ಪ್ಲೇಟು ತರುತ್ತಿದ್ದ. ಅಜ್ಜ ಹೋದರೂ ಹುಚ್ಚು ಮೊಮ್ಮಗನಿಗೆ ಉಳಿಯಿತು. ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದ ಜಿನ್ನಪ್ಪ ಇಪ್ಪತ್ತು ವರ್ಷ ಮಿರಜ, ಕೊಲ್ಹಾಪುರ, ಹುಬ್ಬಳ್ಳಿಯ ಗುಜರಿ ಅಂಗಡಿಗಳಲ್ಲಿ ಧೂಳು ಕುಡಿದು ಪಿಂಟೊನ ಪ್ಲೇಟುಗಳನ್ನು ಕೂಡಿಹಾಕಿದ್ದ. ಈಗ ಪುಣೆಯ ಕಂಪನಿಯೊಂದು ಅವನ್ನೆಲ್ಲ ಹೊಸ ಪ್ಲಾಸ್ಟಿಕ್ ಪ್ಲೇಟುಗಳಲ್ಲಿ ಮರುಬಿಡುಗಡೆ ಮಾಡಲು ಹೊರಟಿತ್ತು. ಕಂಪನಿಯ ಶುಭಂ ಎಂಬವನು ಹಳೆಯ ಪ್ಲೇಟುಗಳನ್ನು ಒಯ್ಯಲು ಅಂದೇ ಸಂಜೆ ಬರುವವನಿದ್ದ.

ಆದರೆ ಒಂದು ಪ್ಲೇಟು ಎಲ್ಲಿಯೂ ಸಿಕ್ಕಿರಲಿಲ್ಲ. ಮುಂಬಯಿಯ ಓಣಿಯೊಂದರ ಹೆಸರಿನ ಕುಣಿತದ ಹಾಡು, 'ಭಾಯಖಳಾ ಸ್ಟಾಂಪ್'; ನೀಲಿ ಚೀಟಿ ಇದ್ದದ್ದು ಅದೊಂದಕ್ಕೇ. ಶುಭಂ ಫೋನಿನಲ್ಲಿ ಸ್ಪಷ್ಟವಾಗಿಯೇ ಹೇಳಿದ್ದ: "ಅದು ಸಿಕ್ಕರ ನಿಮ್ಮ ಹೆಸರು ಕವರಿನ ಮುಂದ ದೊಡ್ಡದಾಗಿ ಬರ್ತದ ಸರ್. ಸಿಗಲಿಲ್ಲಂದ್ರ ಹಿಂದ, ಸಣ್ಣ ಅಕ್ಷರದಾಗ."

ಜಿನ್ನಪ್ಪನ ಹೆಸರು ಈವರೆಗೆ ಅಚ್ಚಾದದ್ದು ಬಂಧುಗಳ ಲಗ್ನಪತ್ರಿಕೆಗಳಲ್ಲಿ ಮಾತ್ರ. ಅದೂ 'ಸುಖಾಗಮನ ಬಯಸುವವರು' ಎಂಬಲ್ಲಿ, ಕೊನೆಯ ಸಾಲಿನಲ್ಲಿ, ಒಮ್ಮೆ 'ಚಿನ್ನಪ್ಪ' ಎಂದು. ಕವರಿನ ಮುಂದೆ ಹೆಸರು, ಒಳಗೆ ಫೋಟೊ! ಆ ಫೋಟೊಗೆಂದೇ ಅವನು ತನ್ನ ಲಗ್ನದ ಕೋಟನ್ನು ಇಸ್ತ್ರಿ ಮಾಡಿಸಿ ಬಾಗಿಲ ಹಿಂದೆ ತೂಗುಹಾಕಿದ್ದ.

"ಭಕ್ತೀ, ನಾ ತೇರದಾಳಕ್ಕ ಹೋಗಿ ಬರ್ತೇನಿ!"

"ಹೋಗ್ರಿ," ಎಂದಳು ಹೆಂಡತಿ ಒಳಗಿನಿಂದ. "ಬರೂದ್ರಾಗ ಇನ್ನೊಂದು ಪ್ಲೇಟ್ ತರಬ್ಯಾಡ್ರಿ ಅಷ್ಟs. ಎರಡು ಕಪಾಟು ಅವಕ್ಕs ಆಗ್ಯಾವು. ಮಗಳು ಮೇಘಾನ ಬಟ್ಟಿ-ಅರಬಿ ಅಟ್ಟದ ಮ್ಯಾಲೆ ಅದಾವು."

ಅಷ್ಟರಲ್ಲಿ ಪಕ್ಕದ ಮನೆಯ ಬಾಳೇಶ ಕರೆಯದೆಯೇ ಬೈಕು ಹೊರತೆಗೆದ. ಅವನು ಜಿನ್ನಪ್ಪನ ಬ್ಯಾಂಕಿನಲ್ಲೇ ಕೆಲಸ ಮಾಡುವವನು. ಗೋಡೆಯಾಚೆಯಿಂದ ಇಪ್ಪತ್ತು ವರ್ಷ ಪಿಂಟೊನನ್ನು ಕೇಳಿ, "ಎರಡು ಲಗ್ನದ ಬ್ಯಾಂಡಿನವರು ಓಣ್ಯಾಗ ಜಗಳಾಡಿದಂಗ ಆಕ್ಕೈತಿ" ಎಂದು ಊರೆಲ್ಲ ಹೇಳಿಕೊಂಡು ಬಂದವನು.

"ಹತ್ತಲೇ ಜಿನ್ನಪ್ಪ. ನೀ ಒಬ್ಬನs ಹೋದ್ರ ಕೆಲಸ ಕೆಡಸ್ಕೊಂಡು ಬರ್ತಿ."

ಜಿನ್ನಪ್ಪನಿಗೆ ಬೇಡವೆನ್ನಲು ಮನಸ್ಸಿತ್ತು. ಬಸ್ಸಿಗೆ ಕಾಯಲು ತಾಳ್ಮೆ ಇರಲಿಲ್ಲ.

ಹೀರಾ ಮಾವಶಿ ಜೈನ ವ್ರತನಿಯಮದ ಹೆಂಗಸು. ರೇಷ್ಮೆ ಬಿಟ್ಟು ಎಷ್ಟೋ ವರ್ಷವಾಗಿತ್ತು, ಜೇನುತುಪ್ಪವನ್ನು ಮುಟ್ಟಿದವಳಲ್ಲ, ಸೋಸದ ನೀರು ಅವಳ ಹೊಸ್ತಿಲು ದಾಟಿದ್ದಿಲ್ಲ. ಜಿನ್ನಪ್ಪ ಕಾಲಿಗೆ ನಮಸ್ಕರಿಸಿ ಕುಳಿತ. ಕಣ್ಣು ಮಾತ್ರ ಕೊಡದ ಕಡೆಗೆ ಓಡುತ್ತಿತ್ತು. ಆತುರದಲ್ಲಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟ.

"ಮಾವಶಿ, ನಿಮ್ಮ ಕಡೆ ಸ್ಟಾಂಪ್ ರೆಕಾರ್ಡ್ ಒಂದು ಐತಲ್ಲ, ಅದು ನನಗ ಬೇಕಾಗೇತಿ."

ಮಾವಶಿಯ ಮುಖ ಕಲ್ಲಾಯಿತು. ಅವಳು ಸೆರಗಿನ ತುದಿಯ ಕೀಲಿಕೈ ಗೊಂಚಲನ್ನು ಸೊಂಟದೊಳಗೆ ತುರುಕಿಕೊಂಡಳು.

"ಸ್ಟಾಂಪ? ರೆಕಾರ್ಡ? ನಾ ಇನ್ನೂ ಜೀವಂತ ಅದೇನಿ ಜಿನ್ನಪ್ಪ! ಮೊನ್ನೆ ಶಾಲು ಹೊಚ್ಚಿದ್ರಿ, ಇವತ್ತ ಹೊಲಾ ಬರಸ್ಕೊಳ್ಳಾಕ ಬಂದೀಯೇನು? ರುಕ್ಮವ್ವಾ! ಏ ರುಕ್ಮವ್ವಾ! ಓಡಿ ಬಾ ಇಲ್ಲೆ!"

ಎದುರು ಮನೆಯ ರುಕ್ಮವ್ವ ಕೈಯಲ್ಲಿ ಕಸಬರಿಗೆ ಹಿಡಿದೇ ಬಂದಳು. ವಿಷಯ ಏನೆಂದು ಕೇಳುವ ಮೊದಲೇ, "ಎಲ್ಲೂ ಹೆಬ್ಬಟ್ಟು ಒತ್ತಬ್ಯಾಡ್ರಿ ಆಯಿ!" ಎಂದಳು.

"ಹೊಲದ ಮಾತಲ್ರಿ ಆಯಿ," ಎಂದು ಬಾಳೇಶ ನಡುವೆ ಬಾಯಿ ಹಾಕಿದ. "ಇಂವಾ ಬ್ಯಾಂಡಿನ ಸಲುವಾಗಿ ಬಂದಾನ."

"ಬ್ಯಾಂಡ?" ಮಾವಶಿ ಎದ್ದೇ ನಿಂತಳು. "ಮೇಘಾನ ಲಗ್ನ ಗೊತ್ತು ಮಾಡೀರಿ? ಬ್ಯಾಂಡಿಗೆ ಹೇಳೂ ಮಟಾ ಬಂದೈತಿ, ನನಗ ಒಂದು ಮಾತು ಹೇಳಲಿಲ್ಲ?"

"ಅಯ್ಯ, ಹುಡುಗಿ ಮನ್ನೆ ಮನ್ನೆ ಕಾಲೇಜು ಸೇರಿತ್ತಲ್ರೀ," ಎಂದು ರುಕ್ಮವ್ವ ಗಲ್ಲಕ್ಕೆ ಕೈ ಹಚ್ಚಿದಳು. "ಅಷ್ಟೇನ ಅವಸರ ಬಿದ್ದಿತ್ತು?"

ಜಿನ್ನಪ್ಪನಿಗೆ ಗೋಡೆಗೆ ಹಣೆ ಜಜ್ಜಿಕೊಳ್ಳಬೇಕೆನ್ನಿಸಿತು. ಎದ್ದು ಹೋಗಿ, ಬೆರಳು ಮಾಡಿ ಕೊಡವನ್ನು ತೋರಿಸಿದ. "ಹೊಲಾ ಬ್ಯಾಡ, ಲಗ್ನಾನೂ ಇಲ್ಲ. ಈ ಮುಚ್ಚಳ ಬೇಕು ಮಾವಶಿ. ಇದೊಂದು ಮುಚ್ಚಳ!"

ಮಾವಶಿ ಕುಳಿತು, ಮುಚ್ಚಳವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ನಡುವಿನ ತೂತಿನಲ್ಲಿ ಹಳೆಯ ಧೋತರದ ಚೂರನ್ನು ಪೋಣಿಸಿ, ಗಂಟು ಹಾಕಿ, ಹಿಡಿಕೆ ಮಾಡಿದ್ದಳು.

"ಇದನ್ನ ಕೊಡಾಂಗಿಲ್ಲಪಾ. ನಿಮ್ಮ ಕಾಕಾ ಇದ್ದಾಗ ದಿನಾ ಸಂಜಿಕೆ ಇದನ್ನ ತಿರುಗಸ್ತಿದ್ರು. ಅವರು ಹೋದ ಮ್ಯಾಲೆ ಹಾಡಿನ ಪೆಟಗಿ ಕೆಟ್ಟಿತು. ತಿರುಗ್ಸಾಕ ಬರಂಗಿಲ್ಲಂದ್ರ ಮುಚ್ಚಾಕರ ಬರ್ತೈತಲ್ಲ. ದಿನಾ ಕೈಗೆ ತಾಗ್ತೈತಿ."

ಜಿನ್ನಪ್ಪ ಬಿಡಲಿಲ್ಲ. ಸ್ಟೀಲಿನ ಮುಚ್ಚಳ ಕೊಡಿಸುವೆನೆಂದ, ಹಿತ್ತಾಳೆಯದು ಕೊಡಿಸುವೆನೆಂದ. ಮಾವಶಿ ತಲೆ ಅಲ್ಲಾಡಿಸುತ್ತಲೇ ಇದ್ದಳು. ಆಗ ಫೋನಿನಲ್ಲಿ ಏನೋ ಓದುತ್ತಿದ್ದ ಬಾಳೇಶ ಅವನ ಕಿವಿಗೆ ಬಾಗಿದ.

"ಲೇ, ಈ ಹಳೇ ಪ್ಲೇಟೆಲ್ಲ ಅರಗಿನಿಂದ ಮಾಡ್ತಿದ್ರಂತ. ಅರಗು ಅಂದ್ರ ಹುಳದ ಮೈಯಾಗಿಂದು. ಹೇಳ್ಲೇನು ಆಯಿಗೆ?"

ಜಿನ್ನಪ್ಪ ಅವನ ಫೋನಿಗೆ ಅಂಗೈ ಅಡ್ಡ ಹಿಡಿದ. ಅದು ಅವನಿಗೆ ಹೊಸ ಸುದ್ದಿಯಲ್ಲ. ಇಪ್ಪತ್ತು ವರ್ಷದಿಂದ ಗೊತ್ತಿತ್ತು, ಇಪ್ಪತ್ತು ವರ್ಷದಿಂದ ಆ ಒಂದು ವಿಷಯಕ್ಕೆ ಬಾಯಿ ಹೊಲಿದುಕೊಂಡು ಸಂಸಾರ ಮಾಡಿದ್ದ. ಭಕ್ತಿಯೂ ಜೇನುತುಪ್ಪ ಮುಟ್ಟದವಳೇ. ಆದರೆ ಭಕ್ತಿ ಬನಹಟ್ಟಿಯಲ್ಲಿದ್ದಳು, ಕವರು ಪುಣೆಯಲ್ಲಿತ್ತು, ಮುಚ್ಚಳ ಕಣ್ಣೆದುರಿಗಿತ್ತು. ಅವನು ಗಂಟಲು ಸರಿಮಾಡಿಕೊಂಡು ತಾನೇ ಹೇಳಿದ.

ಮಾವಶಿ ಕೂಗಾಡಲಿಲ್ಲ. ಮೊದಲು ತೊಡೆಯ ಮೇಲಿನ ಮುಚ್ಚಳ ನೋಡಿದಳು, ಆಮೇಲೆ ಕೊಡ ನೋಡಿದಳು.

"ಸೋಸಿದ ನೀರಿನ ಮ್ಯಾಲೆ?" ಎಂದಳು ಸಣ್ಣ ದನಿಯಲ್ಲಿ. "ಹುಳಾ ಬೀಳಬಾರದಂತ ಸೋಸಿ, ಮ್ಯಾಲೆ ಹುಳಾನs ಮುಚ್ಚಿದ್ನೇನು?"

ರುಕ್ಮವ್ವ ಕೊಡವನ್ನೆತ್ತಿ ಹಿತ್ತಲಿನ ನುಗ್ಗೆ ಗಿಡಕ್ಕೆ ಸುರಿದು ಬಂದಳು. ಮಾವಶಿ ಎರಡೆರಡು ಸಲ ಕೈ ತೊಳೆದಳು. ಜಿನ್ನಪ್ಪ ಮೆಲ್ಲಗೆ ಮುಚ್ಚಳದ ಕಡೆಗೆ ಕೈ ಚಾಚಿದ.

"ಮುಟ್ಟಬ್ಯಾಡ!" ಎಂದಳು ಮಾವಶಿ. "ನನ್ನ ಪಾಪ ನಿನ್ನ ಕೊರಳಿಗೆ ಕಟ್ಲೇನು? ಹಿಪ್ಪರಗಿಗೆ ಒಯ್ದು ಹೊಳಿ ನೀರಿಗೆ ಬಿಡಸ್ತೇನಿ."

ಕೆಲಸ ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಆಗಿತ್ತು.

"ಹೊಳಿಗೆ ಬ್ಯಾಡ ಮಾವಶಿ! ನಾ ಇಟ್ಕೊಳ್ಳಾಂಗಿಲ್ಲ, ಪುಣೆಕ್ಕ ಕಳಸ್ತೇನಿ. ಅಲ್ಲೆ ಇದರಾಗಿನ ದನಿ ತಗದು ಪ್ಲಾಸ್ಟಿಕ್ ಪ್ಲೇಟಿಗೆ ಹಾಕ್ತಾರ. ಪ್ಲಾಸ್ಟಿಕ್ಕಿನಾಗ ಹುಳಾ ಇಲ್ಲ, ಏನಿಲ್ಲ. ಕಾಕಾನ ಹಾಡೂ ಉಳೀತೈತಿ."

"ಅಂದ್ರ ದನಿ ಹುಳದ ಮೈ ಬಿಟ್ಟು ಹೊರಗ ಬರ್ತೈತೇನು?"

"ಹೂಂ."

"ಹಂಗಾದ್ರ ಬಿಡುಗಡಿ ಆತು ಅನ್ನು."

"ಅದಕ್ಕs ಮಾವಶಿ, ಬಿಡುಗಡಿ ಅಂತನs ಅಂತಾರ ಅದಕ್ಕ!"

ಮಾವಶಿ ಒಪ್ಪಿದಳು. ಪ್ಲೇಟನ್ನು ಹಳೆಯ ದುಪಟಿಯಲ್ಲಿ ಸುತ್ತಿಸಿ ಕೊಟ್ಟಳು. ಬಾಗಿಲವರೆಗೂ ಬಂದು, "ನಿಮ್ಮನ್ಯಾಗೂ ಇಂಥಾವು ಭಾಳ ಅದಾವಲ್ಲ?" ಎಂದಳು.

"ಅವು... ಅವು ಬ್ಯಾರೆ ಮಾವಶಿ," ಎಂದು ಜಿನ್ನಪ್ಪ ಚಪ್ಪಲಿ ಹುಡುಕಿದ. ಮಾವಶಿ ಚಷ್ಮಾ ಹಾಕಿಕೊಂಡು ಮೊಬೈಲು ಎತ್ತಿಕೊಂಡದ್ದನ್ನು ಅವನು ಗಮನಿಸಲಿಲ್ಲ.

"ನೀ ಬಸ್ಸಿಗೆ ಬಾ," ಎಂದ ಬಾಳೇಶ. "ಬೈಕ್ ಕುಣೀತೈತಿ, ಪ್ಲೇಟ್ ಒಡದ್ರ ನನ್ನ ಹೆಸರು ಹೇಳ್ತಿ. ನಾ ಮುಂದ ಹೋಗಿ ಆ ಪುಣೆ ಹುಡುಗ ಬಂದ್ರ ಕೂಡಸ್ತೇನಿ." ಆ ಮಾತು ನಿಜವೇ ಆಗಿದ್ದರಿಂದ ಜಿನ್ನಪ್ಪ ಒಪ್ಪಿದ.

ಬಸ್ಸು ಜೋಳ ತುರುಕಿದ ಚೀಲದಂತೆ ಮಂದಿಯಿಂದ ತುಂಬಿತ್ತು. ಬಾಣಂತಿ ಕೂಸನ್ನು ಹಿಡಿದಂತೆ ಜಿನ್ನಪ್ಪ ದುಪಟಿಯ ಗಂಟನ್ನು ಎದೆಗವಚಿಕೊಂಡು ಕಂಬಕ್ಕೆ ಒರಗಿ ನಿಂತ.

"ಏನದು, ರೊಟ್ಟಿ ಹಂಚೇನ್ರಿ?" ಎಂದ ಕಂಡಕ್ಟರ್.

"ಹಂಚಲ್ರಿ. ಜಾಝ್."

"ಜಾಜಿ ಹೂವs? ಹೂವಾದ್ರ ಇಷ್ಟ್ಯಾಕ ಅಂಜ್ತೀರಿ, ಆ ಸ್ಟೆಪ್ನಿ ಟಾಯರಿನ ಮ್ಯಾಲೆ ಒಗೀರಿ."

ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಬಿದ್ದು ರಸ್ತೆಯ ತುಂಬ ಕಬ್ಬು ಹರಡಿತ್ತು. ಬಸ್ಸಿನ ಅರ್ಧ ಮಂದಿ ಇಳಿದು ಕಬ್ಬು ಮುರಿದುಕೊಂಡು ತಿನ್ನುತ್ತ ನಿಂತರು. ಜಿನ್ನಪ್ಪ ಮಾತ್ರ ಕೈ ಸೋತರೂ ಗಂಟು ಕೆಳಗಿಡಲಿಲ್ಲ. ಮನಸ್ಸಿನಲ್ಲಿ ಕವರಿನ ಮೇಲಿನ ಅಕ್ಷರಗಳನ್ನು ಜೋಡಿಸಿಕೊಳ್ಳುತ್ತ, 'ಜಿ' ಎಷ್ಟು ದೊಡ್ಡದಿರಬೇಕೆಂದು ಯೋಚಿಸುತ್ತ ನಿಂತಿದ್ದ.

ಮನೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಬಾಗಿಲಿನಿಂದ ಓಣಿಯವರೆಗೆ ಮನೆ ತೊಳೆದ ನೀರು ಹರಿದಿತ್ತು. ಒಳಗೆ ಎರಡೂ ಕಪಾಟುಗಳು ಬಾಯಿ ತೆರೆದುಕೊಂಡು ಬರಿದಾಗಿ ನಿಂತಿದ್ದವು. ಒಂದರಲ್ಲಿ ಆಗಲೇ ಮೇಘಾಳ ಬಟ್ಟೆಗಳಿದ್ದವು. ತಲೆಸ್ನಾನ ಮಾಡಿ ಕೂದಲು ಬಿಟ್ಟುಕೊಂಡಿದ್ದ ಭಕ್ತಿ ಹೊಸ್ತಿಲ ಮೇಲೆ ನಿಂತಿದ್ದಳು.

"ಅಲ್ಲೇ ನಿಂದರ್ರಿ. ಮಾವಶಿ ಫೋನ್ ಮಾಡಿದ್ರು."

ಜಿನ್ನಪ್ಪ ನಿಂತ.

"ಇಪ್ಪತ್ತು ವರ್ಷ ಹುಳದ ಸಂಗಾಟ ಸಂಸಾರ ಮಾಡಿಸಿದ್ರಲ್ರೀ ನನ್ನ ಕಡಿಂದ! ದೇವರ ಮನಿ ಗ್ವಾಡಿಗೆ ಹತ್ತಿ ಕಪಾಟು!"

"ಪ್ಲೇಟು... ಪ್ಲೇಟು ಎಲ್ಲಿ ಭಕ್ತೀ?"

"ಹೊಳಿಗೆ ಒಯ್ಯಾಕ ಟ್ರ್ಯಾಕ್ಟರ್ ಕರದಿದ್ದೆ," ಎಂದಳು ಭಕ್ತಿ. "ಅಷ್ಟರಾಗ ಬಾಳೇಶ ಬಂದ. ಪುಣ್ಯಾತ್ಮ, ಅಡ್ಡ ನಿಂತು ಬಿಡಿಸಿದ."

ಬಾಳೇಶ! ಜಿನ್ನಪ್ಪನ ಕಣ್ಣು ಹನಿಗೂಡಿದವು. ಅವನು ಓಣಿಯ ತಿರುವಿಗೆ ಓಡಿದ. ಅಲ್ಲಿ ಪುಣೆಯ ಗಾಡಿ ನಿಂತಿತ್ತು. ಒಳಗೆ ಅವನ ಪಿಂಟೊ ಪ್ಲೇಟುಗಳೆಲ್ಲ ಪೆಟ್ಟಿಗೆಗಳಲ್ಲಿ, ಒಂದರ ನಡುವೆ ಒಂದು ಮೆತ್ತನೆಯ ಹಾಳೆಯಿಟ್ಟು, ಚೆಂದಾಗಿ ಕುಳಿತಿದ್ದವು. ಸಾಂಗಲಿ ಕಡೆಯ ಹುಡುಗ ಶುಭಂ ಕೈಕುಲುಕಿದ.

"ಎಲ್ಲಾ ಛಲೋ ಅದಾವ ಸರ್. ಆ ಸ್ಟಾಂಪ್ ಸಿಕ್ತಂತಲ್ರಿ, ತೋರಸ್ರಿ."

ಜಿನ್ನಪ್ಪ ದುಪಟಿ ಬಿಚ್ಚಿದ. ಶುಭಂ ಧೋತರದ ಗಂಟನ್ನು ಬಿಡಿಸಿ, ಪ್ಲೇಟನ್ನು ಬೆಳಕಿಗೆ ಹಿಡಿದು, "ಆಯಿ ಗ!" ಎಂದು ಉಸಿರೆಳೆದ.

"ಹಂಗಾದ್ರ ಕವರಿನ ಮುಂದ..." ಎಂದು ಜಿನ್ನಪ್ಪ ನಾಚಿಕೊಂಡ.

"ಮುಂದನs ಸರ್, ದೊಡ್ಡದಾಗಿ. ಆದ್ರ..." ಶುಭಂ ಪ್ಲೇಟಿನಿಂದ ಕಣ್ಣೆತ್ತಲಿಲ್ಲ. "ಭಕ್ತಿ ವೈನಿಯವರು ಒಂದು ಕರಾರು ಹಾಕಿದ್ರು. ಈ ಹುಳದ ಸಾಮಾನಿನ ಮ್ಯಾಲೆ ನಿಮ್ಮ ಮನಿ ಹೆಸರು ಎಲ್ಲೂ ಬರಬಾರದು, ಬಂದ್ರ ಎಲ್ಲಾ ಹೊಳಿಗೆ ಅಂದ್ರು. ನಾವು ಹೆಸರಿಲ್ಲದ ಛಾಪಸಾಕ ಬರಂಗಿಲ್ಲ, ಯಾರದರ ಒಂದು ಬೇಕs ಬೇಕು. ಆಮ್ಯಾಲೆ ಬಾಳೇಶ ಸರ್ ಒಪ್ಪಿಕೊಂಡ್ರು. ಕವರ್ ಫೋನಿನಾಗs ಪ್ರೆಸ್ಸಿಗೆ ಹೋತ್ರಿ."

ಗಾಡಿಯ ಹಿಂದಿನಿಂದ ಬಾಳೇಶ ಬಂದ. ಅವನ ಮೈಮೇಲೆ ಜಿನ್ನಪ್ಪನ ಇಸ್ತ್ರಿ ಮಾಡಿಸಿದ ಕೋಟಿತ್ತು. ಹೊಟ್ಟೆಯ ಹತ್ತಿರ ಗುಂಡಿ ಕೂಡಿರಲಿಲ್ಲ.

"ಫೋಟೊ ತಗದ್ರಪಾ," ಎಂದ ಅವನು, ತುಸು ಸಂಕೋಚದಿಂದ. "ಚಿಂತಿ ಮಾಡಬ್ಯಾಡ. ನಾವು ಕುರೀನs ಬಿಟ್ಟೋರಲ್ಲ, ಹುಳಾ ನಮಗೇನು ಮಾಡ್ತಾವು? ನಿನ್ನ ಪಾಪ ಪೂರಾ ನಾ ಹೊತ್ಕೊಂಡೇನಿ."

ಜಿನ್ನಪ್ಪನಿಗೆ ಪ್ಲೇಟನ್ನು ಕಸಿದುಕೊಂಡು ಓಡಬೇಕೆನ್ನಿಸಿತು. ಓಡುವುದಾದರೂ ಎಲ್ಲಿಗೆ? ಹೊಸ್ತಿಲ ಮೇಲೆ ಭಕ್ತಿ ನಿಂತಿದ್ದಳು. ಕಿಸೆಯಲ್ಲಿ ಫೋನು ಟಿಣ್ ಎಂದಿತು. ಬಂಧುಗಳ ಗುಂಪಿನಲ್ಲಿ ಹೀರಾ ಮಾವಶಿಯ ಕೊಡದ ಫೋಟೊ, ಅದರ ಮೇಲೆ ಹೊಸ ಸ್ಟೀಲಿನ ಮುಚ್ಚಳ. ಕೆಳಗೆ, 'ನಮ್ಮ ಜಿನ್ನಪ್ಪ ಕಣ್ಣು ತೆರೆಸಿದ' ಎಂದು ಬರೆದಿತ್ತು. ಊರೂರಿನ ಬಂಧುಗಳು ಕೈ ಮುಗಿಯತೊಡಗಿದ್ದರು.

ಶುಭಂ ಗಾಡಿಯ ಹಿಂಬಾಗಿಲಿನಲ್ಲಿ ತನ್ನ ಯಂತ್ರವನ್ನಿಟ್ಟು, ಪ್ಲೇಟನ್ನು ಒರೆಸಿ, ಮುಳ್ಳು ಇಳಿಸಿದ. ಒಂದು ಗಳಿಗೆ ಬರೀ ಕರಕರ ಸದ್ದು. ಆಮೇಲೆ ಹದಿನೆಂಟು ಮಂದಿಯೂ ಒಮ್ಮೆಲೆ ಎದ್ದು ನಿಂತು ಊದಿದರು. ಓಣಿಯ ನಾಯಿಗಳು ಸುಮ್ಮನಾದವು. ಜಿನ್ನಪ್ಪ ಇಪ್ಪತ್ತು ವರ್ಷ ಕನಸಿನಲ್ಲಿ ಕೇಳಿದ್ದಕ್ಕಿಂತ ಅದು ಚೆನ್ನಾಗಿತ್ತು.

"ಬಾಳೇಶ, ನೀ ಖರೆ ಹೇಳು..." ಎಂದು ಅವನು ಬಾಯಿ ತೆರೆದ.

ಬಾಳೇಶ ಕಣ್ಣು ಮುಚ್ಚಿ, ಕೋಟಿನೊಳಗೆ ತೂಗಾಡುತ್ತ, ತುಟಿಯ ಮೇಲೆ ಬೆರಳಿಟ್ಟ.

"ಸುಮ್ಮಕಿರಲೇ ಜಿನ್ನಪ್ಪ. ನಮ್ಮ ಬ್ಯಾಂಡ್ ನಡದೈತಿ."