ಕಾರಂಜಿಗೆ ಬಂದ ಬಾಡಿಗೆದಾರರು

ಓದಿದರೆ ಮನುಷ್ಯ ಉದ್ಧಾರವಾಗುತ್ತಾನೆ ಎಂದು ಹೇಳಿದವರು ಅಣವೀರಪ್ಪನವರನ್ನು ಖಂಡಿತ ನೋಡಿರಲಿಕ್ಕಿಲ್ಲ. ಕುರ್ಲಾದ ಒಂದು ಪ್ರೆಸ್ಸಿನಲ್ಲಿ ಅವರಿಗೆ ಪ್ರೂಫ್ ತಿದ್ದುವ ಕೆಲಸ. ಆ ಪ್ರೆಸ್ಸು ಅಚ್ಚು ಹಾಕುವುದೆಲ್ಲ ಸಾರ್ವಜನಿಕ ಆರೋಗ್ಯದ ಪುಸ್ತಕಗಳು. ಬೇರೆಯವರು ಪ್ರೂಫ್ ಹಾಳೆಯಲ್ಲಿ ಕೊಂಬು, ದೀರ್ಘ ಹುಡುಕುತ್ತಾರೆ. ಇವರಿಗೆ ರೋಗವೇ ಕಾಣುತ್ತಿತ್ತು. ಪ್ಲೇಗಿನ ಅಧ್ಯಾಯ ತಿದ್ದಿದ ವಾರ ಇಲಿ ಬಾರದಂತೆ ಬಚ್ಚಲ ಮೋರಿಯ ಮೇಲೆ ರುಬ್ಬುಗುಂಡು ಇಟ್ಟಿದ್ದರು. ಜಿರಲೆಯ ಅಧ್ಯಾಯ ಬಂದಾಗ ಹೆಂಡತಿ ಶಿವಕುಮಾರಿ ಕೊಟ್ಟ ಚಹಾವನ್ನು ಟಾರ್ಚ್ ಬಿಟ್ಟು ನೋಡಿ ಕುಡಿದರು. ಆಕೆ ಆಮೇಲೆ ಒಂದು ವಾರ ಚಹಾ ಮಾಡಲಿಲ್ಲ.

ಈ ಶ್ರಾವಣದಲ್ಲಿ ಬಂದದ್ದು ಸೊಳ್ಳೆಯ ಪುಸ್ತಕ. ಗಪ್ಪಿ ಎಂಬ ಪುಟ್ಟ ಮೀನನ್ನು ನಿಂತ ನೀರಿಗೆ ಬಿಟ್ಟರೆ ಅದು ಸೊಳ್ಳೆಮರಿಗಳನ್ನೆಲ್ಲ ತಿಂದುಹಾಕುತ್ತದೆ ಎಂದು ಅದರಲ್ಲಿತ್ತು. ಅಣವೀರಪ್ಪನವರಿಗೆ ತಟ್ಟನೆ ನೆನಪಾದದ್ದು ತಾವಿದ್ದ ಗೋರೆಗಾಂವ್‌ನ ಸಂಗಮ ಸೊಸೈಟಿಯ ಅಂಗಳದ ಕೆಟ್ಟುನಿಂತ ಕಾರಂಜಿ. ಎಷ್ಟು ನೀರು ತೋಡಿ ಚೆಲ್ಲಿದರೂ ಮಳೆ ಮತ್ತೆ ತುಂಬುತ್ತಿತ್ತು, ನೀರಿನಲ್ಲಿ ಸೊಳ್ಳೆಮರಿ ಮಿಜಿಗುಡುತ್ತಿದ್ದವು. ಸೋಮವಾರ ಸಂಜೆ ಮತ್ತೆ ತಪಾಸಣೆಗೆ ಬರುವುದಾಗಿ ಪಾಲಿಕೆಯವರು ಹೇಳಿ ಹೋಗಿದ್ದರು. ಸೊಸೈಟಿಯ ಚೇರ್ಮನ್ ಸಿದ್ದರಾಮಪ್ಪನವರೇ ಅಣವೀರಪ್ಪನವರ ಮನೆಯ ಮಾಲೀಕರು ಕೂಡ. ಬಾಡಿಗೆಯ ಅಗ್ರಿಮೆಂಟು ಈ ತಿಂಗಳಿಗೆ ಮುಗಿಯುವುದಿತ್ತು. ಕಾರಂಜಿ ಸರಿಮಾಡಿ ಅವರ ಮನಸ್ಸು ಗೆದ್ದರೆ ಇನ್ನೊಂದು ವರ್ಷ ತಲೆಯ ಮೇಲೆ ಸೂರು ಗಟ್ಟಿ.

ಸೋಮವಾರ ಬೆಳಿಗ್ಗೆಯೇ ಅವರು ಸ್ಟೇಷನ್ ಪಕ್ಕದ ಉಡುಪಿ ಹೋಟೆಲಿನ ಪ್ರಶಾಂತನ ಹತ್ತಿರ ಹೋದರು. ಅವನ ಗಲ್ಲಾದ ಮೇಲೆ ಗಾಜಿನ ತೊಟ್ಟಿಯಲ್ಲಿ ಗಪ್ಪಿಗಳಿದ್ದವು.

"ತಗೊಂಡು ಹೋಗಿ ಮಾರಾಯ್ರೆ, ಇವು ಸಿಕ್ಕಾಪಟ್ಟೆ ಮರಿ ಹಾಕ್ತವೆ," ಎಂದು ಪ್ರಶಾಂತ ಪ್ಲಾಸ್ಟಿಕ್ ಚೀಲಕ್ಕೆ ನೀರು ತುಂಬಿದ. "ಆದ್ರೆ ನಿಮ್ಮ ಬಿಲ್ಡಿಂಗಿಗೆ ಮೀನು ಆಗ್ತದಾ?"

"ತಿನ್ನಾಕಲ್ರೀ, ದುಡಿಸಾಕ!" ಎಂದರು ಅಣವೀರಪ್ಪ.

ಪ್ರಶಾಂತ ಕೇಳಿದ್ದು ಸುಮ್ಮನೆ ಅಲ್ಲ. ಸಂಗಮ ಸೊಸೈಟಿಯನ್ನು ಕಟ್ಟಿದವರು ವಿಜಯಪುರ, ಬೆಳಗಾವಿ ಕಡೆಯ ಲಿಂಗಾಯತ ವ್ಯಾಪಾರಿಗಳು. ಅಲ್ಲಿ ಮೊಟ್ಟೆಯಾಕಾರದ ಬಲ್ಬು ತರಲಿಕ್ಕೂ ಜನ ಹಿಂದೆಮುಂದೆ ನೋಡುತ್ತಿದ್ದರು.

ಗೇಟಿನ ಕಟ್ಟೆಯ ಮೇಲೆ ಮೊದಲ ಮಹಡಿಯ ಮುದುಕಿ ಕಾಶವ್ವ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಳು. ಆಕೆಯ ಕಣ್ಣು ತಪ್ಪಿಸಿ ಸೊಸೈಟಿಯೊಳಗೆ ನೊಣವೂ ಬರುತ್ತಿರಲಿಲ್ಲ.

"ಏನೋ ತಮ್ಮಾ ಅದು, ಚೀಲದಾಗ ಒದ್ದಾಡಾಕತ್ತೈತಿ?"

"ಮೀನ ಬೇ ಯವ್ವಾ."

"ಅಯ್ಯ ನನ್ನ ಶಿವನ!" ಕಾಶವ್ವನ ಕೈಯಿಂದ ಸೊಪ್ಪಿನ ಮೊರ ಜಾರಿತು. "ಶ್ರಾವಣ ಸ್ವಾಮಾರ! ಕೊಳ್ಳಾಗ ಲಿಂಗ, ಕೈಯಾಗ ಮೀನ! ಬರ್ರೆವ್ವಾ, ಎಲ್ಲಾರೂ ಬರ್ರಿ!"

ಕಿಟಕಿಗಳು ದಡದಡನೆ ತೆರೆದವು. ಸುದ್ದಿ ಲಿಫ್ಟಿಗಿಂತ ವೇಗವಾಗಿ ಮೇಲೇರಿತು. ಮೊದಲ ಮಹಡಿಯಲ್ಲಿ ಗಪ್ಪಿಯಾಗಿದ್ದದ್ದು ಮೂರನೆಯದರಲ್ಲಿ ಅಂಗೈ ಅಗಲದ ಪಾಪ್ಲೆಟ್ ಮೀನಾಯಿತು. ಐದನೆಯದನ್ನು ಮುಟ್ಟುವಷ್ಟರಲ್ಲಿ ಅಣವೀರಪ್ಪ ಅದನ್ನು ಹುರಿದು ತಿಂದೂ ಆಗಿತ್ತು. ಗಾಬರಿಯಲ್ಲಿ ಅವರು ಓಡಿಹೋಗಿ ಚೀಲವನ್ನು ಕಾರಂಜಿಗೆ ಬೋರಲು ಹಾಕಿಬಿಟ್ಟರು.

ಪೂಜೆಯನ್ನು ಅರ್ಧಕ್ಕೇ ಬಿಟ್ಟು, ಅರ್ಧ ಹಣೆಗೆ ಮಾತ್ರ ವಿಭೂತಿ ಹಚ್ಚಿಕೊಂಡಿದ್ದ ಸಿದ್ದರಾಮಪ್ಪನವರು ಕೆಳಗೆ ಬಂದರು.

"ಅಣವೀರಪ್ಪಾ, ಇಲ್ಲಿ ಮೀನ ತಿನ್ನೂ ಮಂದಿಗೆ ಜಾಗಾ ಇಲ್ಲ ಅಂತ ಗೊತ್ತಿಲ್ಲೇನು?"

"ನಾ ಎಲ್ಲಿ ತಿಂತೀನ್ರಿ ಸಾಹೇಬ್ರ? ಮೀನ ಸೊಳ್ಳಿಮರಿ ತಿಂತಾವ್ರಿ. ಪುಸ್ತಕದಾಗ ಬರದೈತ್ರಿ!"

ಚೇರ್ಮನ್ನರ ಮುಖ ಬಿಳಿಚಿಕೊಂಡಿತು. "ಹುಳ ತಿಂತಾವ? ಅಂದ್ರ ಅವೂ ಮಾಂಸಾಹಾರಿ ಅಂದಂಗಾತು! ನಮ್ಮ ಕಂಪೌಂಡಿನಾಗ ಹಾಡಹಗಲ ಮಾಂಸ ತಿಂತಾವ?"

ಈ ಪ್ರಶ್ನೆಗೆ ಅಣವೀರಪ್ಪ ತಿದ್ದಿದ ಯಾವ ಪುಸ್ತಕದಲ್ಲೂ ಉತ್ತರ ಇರಲಿಲ್ಲ. ಮೀನುಗಳನ್ನು ಹಿಡಿದು ತೆಗೆಯಿರಿ ಎಂದು ಸುತ್ತ ನೆರೆದವರಲ್ಲಿ ಒಬ್ಬರೆಂದರು. ಶ್ರಾವಣ ಸೋಮವಾರ ಮೀನು ಹಿಡಿದರೆಂಬ ಮಾತು ಬರುತ್ತದೆ ಎಂದು ಇನ್ನೊಬ್ಬರು ಹೌಹಾರಿದರು. ಅಷ್ಟರಲ್ಲಿ ಕಾಶವ್ವ ಕಾರಂಜಿಗೆ ಬಗ್ಗಿ ನೋಡಿದಳು.

"ಪಾಪ, ಬಾಯಿ ತಗದ್ ತಗದ್ ಮುಚ್ಚಾಕತ್ತಾವ. ಹಸದಾವ. ಹಸದದ್ದಕ್ಕ ಹುಳ ತಿಂತಾವ. ಬಾಗಲಕ್ಕ ಬಂದ ಜೀವಕ್ಕ ದಾಸೋಹ ಮಾಡಿದ್ರ ಯಾಕ ತಿಂದಾವು?"

ಸಭೆಗೆ ಆ ಮಾತು ಹಿಡಿಸಿತು. ಒಂದೇ ಒಂದು ಸೊಳ್ಳೆಮರಿಯನ್ನೂ ತಿನ್ನದಂತೆ ನೋಡಿಕೊಂಡರೆ ಮೀನುಗಳು ಸಂಜೆಯವರೆಗೆ ಇರಬಹುದು ಎಂದು ಚೇರ್ಮನ್ನರು ತೀರ್ಪು ಕೊಟ್ಟರು.

"ತಿನ್ನಲಿಲ್ಲಂದ್ರ ಅವನ್ನ ತಂದು ಏನ್ ಉಪಯೋಗ್ರೀ?" ಎಂದು ಅಣವೀರಪ್ಪ ಗೋಗರೆದರು.

"ನೀ ಸುಮ್ನ ಆಫೀಸಿಗೆ ಹೋಗು. ನಿನ್ನ ಅಗ್ರಿಮೆಂಟಿಂದು ಸಂಜೀಕ ನೋಡೂಣು."

ಲೋಕಲ್‌ನಲ್ಲಿ ಜೋತಾಡುತ್ತ ಅಣವೀರಪ್ಪ ತಮ್ಮನ್ನು ತಾವೇ ಸಮಾಧಾನ ಮಾಡಿಕೊಂಡರು. ಮೀನುಗಳಿಗೆ ಸೊಸೈಟಿಯ ನಿಯಮ ಏನು ಗೊತ್ತು? ಮಂದಿ ಅತ್ತ ಹೋದರೆ ಇತ್ತ ಗುಳುಂ ಮಾಡುತ್ತವೆ. ಸಂಜೆಗೆ ನೀರು ಕನ್ನಡಿಯಂತಿರುತ್ತದೆ. ಕುರ್ಲಾ ತಲುಪುವ ಹೊತ್ತಿಗೆ ಅವರಿಗೆ ನಗುವೂ ಬಂದಿತ್ತು.

ಸಂಜೆ ಅವರು ಗೇಟು ದಾಟುವುದಕ್ಕೂ ಪಾಲಿಕೆಯ ಇನ್‌ಸ್ಪೆಕ್ಟರ್ ಶೀತಲ ಮೇಡಂ ಟಾರ್ಚ್ ಹಿಡಿದು ಬರುವುದಕ್ಕೂ ಸರಿಹೋಯಿತು. ಇಬ್ಬರೂ ಒಟ್ಟಿಗೇ ಕಾರಂಜಿಗೆ ಬಗ್ಗಿದರು, ಒಟ್ಟಿಗೇ ದಂಗಾದರು.

ನೀರಿನ ಮೇಲೆ ಹೋಳಿಗೆಯ ಚೂರು, ಸಜ್ಜಕ, ಮೊಸರನ್ನ, ಯಾರೋ ಮುರಿದು ಹಾಕಿದ ಸಜ್ಜಿರೊಟ್ಟಿ. ಐದೂ ಮಹಡಿಯವರು ಪಾಳಿ ಹಚ್ಚಿ ದಾಸೋಹ ನಡೆಸಿದ್ದರು. ಗಪ್ಪಿಗಳು ಮದುವೆಯೂಟ ಮುಗಿಸಿದ ಬೀಗರಂತೆ ಹೊಟ್ಟೆ ಬಿಟ್ಟುಕೊಂಡು ಮೂಲೆಯಲ್ಲಿ ಬಿದ್ದಿದ್ದವು. ಅವುಗಳ ಮೂಗಿನ ಮುಂದೆಯೇ ಸೊಳ್ಳೆಮರಿಗಳು ಕುಣಿಯುತ್ತಿದ್ದವು.

"ಅರೇ ದೇವಾ! ಇದು ಕಾಯ್ ಆಯ್ತು?" ಶೀತಲ ಮೇಡಂ ಮರಾಠಿ, ಹಿಂದಿ ಬೆರೆಸಿದ ತಮ್ಮ ಹರಕುಮುರುಕು ಕನ್ನಡದಲ್ಲಿ ಚೀರಿದರು. "ಗಪ್ಪಿಗೆ ಖಾನಾ ಹಾಕೂದು ಅಲ್ಲ! ಈ ಕಚರಾ ತಿಂದು ಮಚ್ಛರ್ ಇನ್ನೂ ಬೆಳೀತಾವ! ನೋಟಿಸ್ ಯಾರ ಹೆಸರಿಗೆ?"

ಹೋಳಿಗೆ ಹಾಕಿದ ಕೈಗಳೆಲ್ಲ ಒಂದೇ ಸಲ ಅಣವೀರಪ್ಪನವರ ಕಡೆ ತಿರುಗಿದವು.

ನೋಟಿಸು ಹಿಡಿದು ಅವರು ಚೇರ್ಮನ್ನರ ಮುಖ ನೋಡಿದರು. ಆಶ್ಚರ್ಯ! ಸಿದ್ದರಾಮಪ್ಪನವರ ಕಣ್ಣಲ್ಲಿ ಆನಂದಬಾಷ್ಪ.

"ಮುಂಜಾನಿಂದ ಒಂದ ಹುಳಾ ಮುಟ್ಟಿಲ್ಲಪಾ! ಸಂಸ್ಕಾರ ಅಂದ್ರ ಇದು. ಇಂಥಾ ಶುದ್ಧ ಸಸ್ಯಾಹಾರಿ ಮೀನ ಮುಂಬೈದಾಗ ಎಲ್ಲೆರೆ ಅದಾವೇನು? ಅವು ಕಾಯಂ ಇಲ್ಲೇ ಇರಲಿ."

ಅಣವೀರಪ್ಪನವರಿಗೆ ಹೋದ ಜೀವ ಬಂದಂತಾಯಿತು. "ಹಂಗಾರ ನನ್ನ ಅಗ್ರಿಮೆಂಟ್‌ರೀ ಸಾಹೇಬ್ರ?"

"ನೀ ಖಾಲಿ ಮಾಡು."

"ಆಂ!"

"ಅಲ್ಲೋ, ಅವು ಮೂಕಪ್ರಾಣಿ, ಬಂದ ದಿನಾನ ನಮ್ಮ ನಿಯಮ ಪಾಲಿಸಿದ್ವು. ನೀ ಮನಶ್ಯಾ ಆಗಿ, ಶ್ರಾವಣ ಸ್ವಾಮಾರ ಅವಕ್ಕ ಮಾಂಸ ತಿನ್ನಸಾಕ ಅಂತನ ಕರಕೊಂಡು ಬಂದಿ. ನಿನ್ನಂಥಾವ್ರ ಸಹವಾಸದಾಗ ಅವು ಕೆಟ್ಟುಹೋದಾವು."

ಅಣವೀರಪ್ಪ ಕಾರಂಜಿಯ ಕಟ್ಟೆಯ ಮೇಲೆ ಕುಸಿದು ಕೂತರು. ಹಿಂದಿನಿಂದ ಕಾಶವ್ವ ಬಟ್ಟಲು ಹಿಡಿದು ಬಂದು ಅವರ ಭುಜ ತಟ್ಟಿದಳು.

"ತಮ್ಮಾ, ಸ್ವಲ್ಪ ಆ ಕಡೆ ಸರಿ. ಅವಕ್ಕ ರಾತ್ರಿ ಊಟದ ಹೊತ್ತಾತು."